ಕರೆಂಟ್ ಅಕೌಂಟಿನ 118 ರೂಪಾಯಿ

ಸಂಪಾದಕರಿಗೆ,

ಪ್ರತಿ ತಿಂಗಳು 5ನೇ ತಾರೀಕಿಗೆ ನನ್ನ ಬ್ಯಾಂಕ್ ಖಾತೆಯಿಂದ 118 ರೂಪಾಯಿ ಹೋಗುತ್ತಿತ್ತು. ಅದು ನನಗೆ ತಿಳಿದದ್ದು ನಾಲ್ಕು ತಿಂಗಳು ಕಳೆದ ಮೇಲೆ, ಅದೂ ಬೇರೆ ಯಾವುದೋ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಗಡಿಯೂರು ಪೆರ್ಲದ ಸಮೀಪ ಜೀನಸು ಅಂಗಡಿ ಇಟ್ಟವನು. ಅಪ್ಪ ಇಟ್ಟ ಅಂಗಡಿ, ಈಗ ನಾನು ನಡೆಸುತ್ತೇನೆ. ನಿಮ್ಮ ಪತ್ರಿಕೆಯ ಎಂಟು ಪ್ರತಿ ಬೆಳಗ್ಗಿನ ಬಸ್ಸಿನಲ್ಲಿ ನನ್ನ ಅಂಗಡಿಗೇ ಬಂದು ಬೀಳುತ್ತದೆ. ಏಳು ಮಾರಿ ಒಂದನ್ನು ನಾನು ಓದುತ್ತೇನೆ. ಓದುಗರ ಪತ್ರವನ್ನು ಮೊದಲು ಓದುವ ಚಾಳಿ. ಬರೆಯುವುದು ಇದೇ ಮೊದಲು.

ವಿಟ್ಲದ ಸಗಟು ವ್ಯಾಪಾರಿಯೊಬ್ಬರಿಗೆ ಫೋನಿನಲ್ಲಿ ಹಾಕಿದ ಹಣ ಅವರಿಗೆ ಸಿಕ್ಕಿಲ್ಲ ಎಂದು ತಕರಾರು. ಹೋಗಿದೆಯೋ ಇಲ್ಲವೋ ನೋಡೋಣ ಎಂದು ಬ್ಯಾಂಕಿಗೆ ಹೋಗಿ, ನಾಲ್ಕು ತಿಂಗಳ ಸ್ಟೇಟ್‌ಮೆಂಟ್ ಕೊಡಿ ಎಂದೆ. ಕೌಂಟರಿನಲ್ಲಿದ್ದ ಹುಡುಗಿ ಕಣ್ಣೂರು ಕಡೆಯವಳು, ಬಹಳ ಒಳ್ಳೆಯವಳು. ಕಂಪ್ಯೂಟರ್ ನೋಡಿ ನಕ್ಕಳು. ಎಪ್ಪತ್ತೈದು ಹಾಳೆ ಬರುತ್ತದೆಯಂತೆ! ಹೇಗೆ ಬರದೆ ಇರುತ್ತದೆ? ಒಬ್ಬ ಹತ್ತು ರೂಪಾಯಿಯ ಬಿಸ್ಕಿಟಿಗೆ ಫೋನ್ ಹಿಡಿಯುತ್ತಾನೆ, ಇನ್ನೊಬ್ಬ ಎಂಟು ರೂಪಾಯಿಯ ಬೆಂಕಿಪೆಟ್ಟಿಗೆ, ವೀಳ್ಯದೆಲೆಗೆ. ದಿನಕ್ಕೆ ಇಪ್ಪತ್ತೈದಾದರೂ ಬರುತ್ತದೆ. ಎಲ್ಲವೂ ಖಾತೆಯಲ್ಲಿ ಒಂದೊಂದು ಸಾಲು. ಕಡೆಗೆ ಅವಳೇ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಖರ್ಚಿನ ಸಾಲುಗಳನ್ನು ಮಾತ್ರ ತೋರಿಸಿದಳು. ವಿಟ್ಲದ ಹಣ ಹೋಗಿತ್ತು, ಅದು ಸರಿ. ಅದರ ಕೆಳಗೆ 118. ಇನ್ನೂ ಕೆಳಗೆ ಹೋದರೆ ಮತ್ತೆ 118. ಮತ್ತೆ, ಮತ್ತೆ.

ಇದೆಂತದು ಎಂದು ಕೇಳಿದೆ.

"ಅದು ಸಿಸ್ಟಂ ತನ್ನೆ ಎಡ್ಕುನ್ನದಾ ಏಟ್ಟಾ" ಎಂದಳು. ಅದನ್ನು ಸಿಸ್ಟಂ ತಾನೇ ತೆಗೆದುಕೊಳ್ಳುವುದಂತೆ.

ಜುಲೈಯಿಂದ ಚಾಲ್ತಿ ಖಾತೆಗಳಿಗೆ, ಎಂದರೆ ವ್ಯಾಪಾರಿಗಳ ಕರೆಂಟ್ ಅಕೌಂಟಿಗೆ, ತಿಂಗಳಿಗೆ 100 ರೂಪಾಯಿ ನಿರ್ವಹಣಾ ಶುಲ್ಕ ಬಂದಿದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಎಂದು ವಿವರಿಸಿದಳು. ಖರ್ಚಿನ ಸಾಲುಗಳನ್ನಷ್ಟೇ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟಳು. ಅದಕ್ಕೂ ಒಂದು ಶುಲ್ಕ ಉಂಟಂತೆ, ಅವಳು ಹಾಕಲಿಲ್ಲ. ಇದನ್ನು ಬರೆದರೆ ಅವಳಿಗೆ ತೊಂದರೆಯಾದೀತೋ ಏನೋ. ಅದಕ್ಕೇ ಯಾವ ಬ್ಯಾಂಕು, ಯಾವ ಶಾಖೆ ಎಂದು ಬರೆಯುವುದಿಲ್ಲ. ಹೇಗೂ ಒಂದು ಬ್ಯಾಂಕಿನ ಮೇಲಿನ ಸಿಟ್ಟಿನಿಂದ ಬರೆಯುತ್ತಿರುವ ಪತ್ರವಲ್ಲ ಇದು.

ನನಗೆ ಈ ಕರೆಂಟ್ ಅಕೌಂಟ್ ಹೇಗೆ ಬಂತು ಎಂಬುದನ್ನು ಹೇಳಬೇಕು. ನಾನಾಗಿ ಕೇಳಿದ್ದಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮ ಕಡೆಯ ಯಾರೂ ಮರೆತಿಲ್ಲ. ನಮ್ಮ ಆಸ್ಪತ್ರೆ ಮಂಗಳೂರು, ಪೇಟೆ ಪುತ್ತೂರು ಮತ್ತು ವಿಟ್ಲ, ಸರಕಾರ ತಿರುವನಂತಪುರ. ಸಾಮಾನು ಆಚೆ, ಹಣ ಈಚೆ. ಆಗ ಮಗ ಫೋನಿನಲ್ಲಿ ಹಣ ಕಳಿಸಲು ಕಲಿಸಿದ. ನೋಟು ಮುಟ್ಟಲು ಜನ ಹೆದರುತ್ತಿದ್ದ ಕಾಲ, ಗಿರಾಕಿಗಳೂ ಫೋನಿನಲ್ಲೇ ಕೊಡತೊಡಗಿದರು. ಕ್ಯೂಆರ್ ಚೀಟಿಯನ್ನು ಸಕ್ಕರೆ ಡಬ್ಬಕ್ಕೆ ಅಂಟಿಸಿದೆ. ಅದು ನನ್ನ ಉಳಿತಾಯ ಖಾತೆಗೆ ಹೋಗುತ್ತಿತ್ತು. ಒಂದೂವರೆ ವರ್ಷ ಯಾವ ತಕರಾರೂ ಇರಲಿಲ್ಲ.

ಆಮೇಲೆ ಬ್ಯಾಂಕಿನಿಂದ ಒಬ್ಬರು ಅಂಗಡಿಗೇ ಬಂದರು. ಉಳಿತಾಯ ಖಾತೆಯಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ, ಇಷ್ಟು ಎಂಟ್ರಿ ಬಂದರೆ ಖಾತೆ ನಿಲ್ಲಿಸುತ್ತಾರೆ, ಒಂದು ಕರೆಂಟ್ ಅಕೌಂಟ್ ಮಾಡಿಬಿಡಿ ಎಂದರು. ಬಿಸಿಲಿನಲ್ಲಿ ಬಂದವರು, ಮಜ್ಜಿಗೆ ಕುಡಿದರು, ಮೂರು ಕಡೆ ನನ್ನ ಸಹಿ ತೆಗೆದುಕೊಂಡರು. ಹೊಸ ಕ್ಯೂಆರ್ ಬಂತು, ಹಣ ಬಿದ್ದಾಗ ಕೂಗುವ ಪೆಟ್ಟಿಗೆ ಬಂತು. 5,000 ರೂಪಾಯಿ ಯಾವಾಗಲೂ ಇರಬೇಕು ಎಂದದ್ದು ಬಿಟ್ಟರೆ ಶುಲ್ಕದ ಮಾತು ಬರಲಿಲ್ಲ. ಕರೆಂಟ್ ಅಕೌಂಟಿಗೆ ಬಡ್ಡಿ ಇಲ್ಲ ಎಂಬುದು ನನಗೆ ಗೊತ್ತಿತ್ತು, ಅಪ್ಪನಿಗೂ ಇದ್ದದ್ದು ಅದೇ.

ಹೆಂಡತಿ ಮಾತ್ರ ಅಂದೇ ಹೇಳಿದ್ದಳು. "ಕರೆಂಟಲ್ಲವಾ, ನೋಡಿಕೊಂಡು ಮುಟ್ಟಿ" ಎಂದು. ಈಗ 118ರ ಹಾಳೆಯನ್ನು ಅವಳೆದುರು ಇಟ್ಟಾಗ ಅವಳಿಗೆ ನಗು. ನನಗೆ ನಗು ಬರಲಿಲ್ಲ.

ಅವಳು ಕೇರಳದ ಹೆಂಗಸರ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಅಯಲ್‌ಕೂಟದ ಲೆಕ್ಕ ಬರೆಯುವವಳು. ಹದಿನೇಳು ಹೆಂಗಸರು ವಾರವಾರ ಕಟ್ಟುವ ಉಳಿತಾಯ, ಸಾಲ, ಅದರ ಬಡ್ಡಿ ಎಲ್ಲವನ್ನೂ ರೂಲು ಹಾಕಿದ ಪುಸ್ತಕದಲ್ಲಿ ಬರೆಯುತ್ತಾಳೆ. ಅವಳು ಕೇಳಿದ ಪ್ರಶ್ನೆ ಇದು: "ಪುಸ್ತಕ ಇಡುವುದಕ್ಕೆಂದು ನಾನು ಪ್ರತಿಯೊಬ್ಬಳ ಲೆಕ್ಕದಿಂದ ತಿಂಗಳಿಗೆ ಐದು ರೂಪಾಯಿ ಕೇಳದೆ ಕಳೆದರೆ ನನ್ನನ್ನು ಜೀವಸಹಿತ ಬಿಟ್ಟಾರಾ?" ಕೇಳಿ ತೆಗೆದುಕೊಂಡರೆ ಬಿಟ್ಟಾರು ಎಂದೆ. "ಅದೇ ನಾನು ಹೇಳಿದ್ದು" ಎಂದಳು.

ನಾನು ಲೆಕ್ಕದ ಮನುಷ್ಯ. ಹಾಗಾಗಿ ಲೆಕ್ಕ ಹೇಳುತ್ತೇನೆ. ಪತ್ರ ಉದ್ದವಾಯಿತೆಂದು ಕತ್ತರಿಸುವುದಾದರೆ ಬೇರೆ ಏನನ್ನಾದರೂ ಕತ್ತರಿಸಿ, ಇದೊಂದು ಭಾಗ ಉಳಿಸಿ.

ತಿಂಗಳಿಗೆ 118 ಎಂದರೆ ವರ್ಷಕ್ಕೆ 1,416. ಎಸ್ಸೆಮ್ಮೆಸ್ ಶುಲ್ಕ ಮೂರು ತಿಂಗಳಿಗೊಮ್ಮೆ 17 ರೂಪಾಯಿ 70 ಪೈಸೆ, ವರ್ಷಕ್ಕೆ 70 ರೂಪಾಯಿ 80 ಪೈಸೆ. ಎಟಿಎಂ ಕಾರ್ಡಿಗೆ 236. ಕಳೆದ ಆಟಿಯಲ್ಲಿ, ಎಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ, ಕನಿಷ್ಠ ಶಿಲ್ಕು ಕಡಿಮೆಯಾಯಿತೆಂದು ದಂಡ 354. ಒಟ್ಟು 2,076 ರೂಪಾಯಿ 80 ಪೈಸೆ. ನಗದು ಕಟ್ಟುವಾಗ ಮಿತಿ ದಾಟಿದರೆ ಹಿಡಿಯುವುದು ಬೇರೆ, ಅದನ್ನು ಸೇರಿಸಿಲ್ಲ.

50 ಕಿಲೋದ ಒಂದು ಗೋಣಿ ಕುಚ್ಚಲಕ್ಕಿ ಮಾರಿದರೆ ಸಾಗಾಟ, ಹೊರೆಕೂಲಿ ಕಳೆದು ನನಗೆ ಉಳಿಯುವುದು 60 ರೂಪಾಯಿಯ ಹತ್ತಿರ. ಆ ಗೋಣಿ ಕಿಲೋ, ಎರಡು ಕಿಲೋ ಎಂದು ಹೋಗುತ್ತದೆ. ಮುಗಿಯಲು ಮೂರು ದಿನ ಬೇಕು. ಅಂದರೆ ಪ್ರತಿ ತಿಂಗಳೂ ಎರಡು ಗೋಣಿ ಅಕ್ಕಿಯನ್ನು ನಾನು ಬ್ಯಾಂಕಿನ ಲೆಕ್ಕಕ್ಕೆ ತೂಗುತ್ತಿದ್ದೇನೆ.

ಆಟಿಯ ದಂಡದ ಬಗ್ಗೆ ಒಂದು ಮಾತು. ನಮ್ಮ ಕಡೆ ಅಡಿಕೆ ಮಾರಿದಾಗ ಕೃಷಿಕರ ಕೈಯಲ್ಲಿ ಹಣ, ಅವರು ಕೆಲಸದವರಿಗೆ ಕೊಟ್ಟಾಗ ಅವರ ಕೈಯಲ್ಲಿ ಹಣ, ಆಮೇಲೆ ನನ್ನ ಕಡದ ಪುಸ್ತಕದ ಹಳೆಯ ಬಾಕಿ ಚುಕ್ತಾ. ಆಗ ನನ್ನ ಖಾತೆಯಲ್ಲಿ ನಲವತ್ತು ಸಾವಿರವೂ ಇರುತ್ತದೆ. ಮಳೆ ಹಿಡಿದ ಮೇಲೆ ಕೆಲಸ ಕಡಿಮೆ. ರಬ್ಬರ್ ಟಾಪಿಂಗ್ ನಿಲ್ಲುತ್ತದೆ, ಅಡಿಕೆಗೆ ಮದ್ದು ಬಿಡಲು ಸಹ ಬಿಸಿಲು ಕಾಯಬೇಕು. ಆಟಿಯಲ್ಲಿ ಎಲ್ಲರೂ ಕಡ ಹೇಳುವವರೇ. "ದುಡ್ಡು ಇಜ್ಜಿ ಅಣ್ಣಾ, ಸೋಣೊಡು ಕೊರ್ಪೆ" ಎನ್ನುತ್ತಾರೆ. ಆಟಿ ಕಳೆದು ಸೋಣದಲ್ಲಿ ಕೊಡುತ್ತೇನೆ ಎಂದರೆ ಕೊಡುತ್ತಾರೆ, ಮೋಸ ಇಲ್ಲ. ಆ ತಿಂಗಳುಗಳಲ್ಲಿ ನನ್ನ ಖಾತೆ ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ನಾನು ಊರಿನವರಿಗೆ ಅವಧಿ ಕೊಟ್ಟದ್ದಕ್ಕೆ ಬ್ಯಾಂಕು ನನಗೆ ದಂಡ ಹಾಕಿತು.

ಇದೇ ಖಾತೆ ಉಳಿತಾಯದ್ದಾಗಿದ್ದರೆ ಹೀಗೆ ಆಗುವಂತಿರಲಿಲ್ಲ ಎಂಬುದು ನನಗೆ ತಿಳಿದದ್ದು ನಿವೃತ್ತ ಬ್ಯಾಂಕ್ ನೌಕರರೊಬ್ಬರಿಂದ. ಸಂಜೆ ಅಂಗಡಿಯ ಬೆಂಚಿನಲ್ಲಿ ಕುಳಿತುಕೊಳ್ಳುವವರು. ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿ ಮಾಡಿದ ಸುತ್ತೋಲೆ ಒಂದಿದೆ. ಉಳಿತಾಯ ಖಾತೆಯಲ್ಲಿ ಕನಿಷ್ಠ ಶಿಲ್ಕು ಕಡಿಮೆಯಾದರೆ ಬ್ಯಾಂಕು ಮೊದಲು ಗ್ರಾಹಕನಿಗೆ ತಿಳಿಸಬೇಕು. ಸರಿಪಡಿಸಲು ಒಂದು ತಿಂಗಳಿಗೆ ಕಡಿಮೆಯಿಲ್ಲದ ಅವಕಾಶ ಕೊಡಬೇಕು. ಎಷ್ಟು ಕಡಿಮೆ ಬಿದ್ದಿದೆಯೋ ಆ ಪ್ರಮಾಣಕ್ಕೆ ಮಾತ್ರ ದಂಡ. ದಂಡದಿಂದಾಗಿಯೇ ಖಾತೆ ಶೂನ್ಯಕ್ಕಿಂತ ಕೆಳಗೆ ಹೋಗಬಾರದು. ಅದಕ್ಕೂ ಮೊದಲು, 2012ರ ಆಗಸ್ಟಿನಲ್ಲೇ, ಕನಿಷ್ಠ ಶಿಲ್ಕೇ ಬೇಡದ ಮೂಲ ಉಳಿತಾಯ ಖಾತೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿತು. 2014ರಲ್ಲಿ ಬಂದ ಜನಧನ ಖಾತೆಗಳು ಆ ಬಗೆಯವೇ.

ಇಷ್ಟೆಲ್ಲ ಉಳಿತಾಯ ಖಾತೆಗೆ. ಚಾಲ್ತಿ ಖಾತೆ ಇರುವವನು ವ್ಯಾಪಾರಿ, ವ್ಯಾಪಾರಿ ಎಂದರೆ ಸಾಹುಕಾರ, ಅವನಿಗೆ ತಿಳಿಯುತ್ತದೆ, ಅವನಿಗೆ ಕೊಡಲು ತ್ರಾಣ ಉಂಟು. ನಿಯಮ ಮಾಡಿದವರ ತಲೆಯಲ್ಲಿದ್ದದ್ದು ಅದೇ ಇರಬೇಕು. ಆಗ ಅದು ಸರಿಯೂ ಆಗಿತ್ತು. ಅಪ್ಪನ ಕಾಲದಲ್ಲಿ ಊರಿಗೆ ಇಬ್ಬರೋ ಮೂವರೋ ಕರೆಂಟ್ ಅಕೌಂಟಿನವರು. ಚೆಕ್ಕು ಬರೆಯುವವರು, ಅಡಿಕೆ ಮಂಡಿಯವರು, ಬಟ್ಟೆ ಅಂಗಡಿಯವರು. ಈಗ ಕ್ಯೂಆರ್ ಚೀಟಿ ಅಂಟಿಸಿದ ಕಾರಣಕ್ಕೆ ಹೂ ಮಾರುವವಳನ್ನೂ, ಕ್ಷೌರದಂಗಡಿಯವನನ್ನೂ, ಬಸ್ ಸ್ಟಾಂಡಿನಲ್ಲಿ ಕಬ್ಬಿನ ಹಾಲು ಹಿಂಡುವವನನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ಹೆಸರು ಹಳೆಯದು, ಒಳಗಿರುವ ಜನ ಬೇರೆ.

ಉಳಿತಾಯ ಖಾತೆಯ ದಂಡದ ಬಗ್ಗೆ ದೇಶವೇ ಬೊಬ್ಬೆ ಹಾಕಿತು. 2023-24ಕ್ಕೆ ಮುಗಿದ ಐದು ವರ್ಷಗಳಲ್ಲಿ ಸರಕಾರಿ ಬ್ಯಾಂಕುಗಳು ಕನಿಷ್ಠ ಶಿಲ್ಕಿನ ದಂಡವೆಂದು ಸುಮಾರು 8,500 ಕೋಟಿ ರೂಪಾಯಿ ಎತ್ತಿವೆ ಎಂದು ಸರಕಾರವೇ ಸಂಸತ್ತಿನಲ್ಲಿ ಹೇಳಿತು. ಸ್ಟೇಟ್ ಬ್ಯಾಂಕು 2020ರಲ್ಲೇ ಆ ದಂಡ ಬಿಟ್ಟಿತ್ತು. 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಬಿಟ್ಟಿತು, ಬೆನ್ನಿಗೇ ಇನ್ನೂ ಕೆಲವು ಬಿಟ್ಟವು. ಒಳ್ಳೆಯದಾಯಿತು. ಆದರೆ ಅವೆಲ್ಲ ಉಳಿತಾಯ ಖಾತೆಯ ಮಾತು. ಚಾಲ್ತಿ ಖಾತೆಯ ಬಗ್ಗೆ ಬೊಬ್ಬೆ ಹಾಕಲು ನಮಗೆ ಅಂಗಡಿ ಬಿಟ್ಟು ಹೋಗಲಿಕ್ಕಾಗುವುದಿಲ್ಲ.

ಜಿಎಸ್‌ಟಿಯ 18 ರೂಪಾಯಿ ನೋಡಿ. ಇದನ್ನು ಯಾರೂ ಹೇಳುವುದಿಲ್ಲ. ದೊಡ್ಡ ವ್ಯಾಪಾರಿ ನೋಂದಣಿ ಮಾಡಿಸಿದವನು. ಬ್ಯಾಂಕಿನ ಶುಲ್ಕಕ್ಕೆ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಅವನಿಗೆ ಅದು 100 ರೂಪಾಯಿಯೇ. ನನ್ನ ವ್ಯಾಪಾರ ವರ್ಷಕ್ಕೆ 40 ಲಕ್ಷದ ಮಿತಿ ಮುಟ್ಟುವುದಿಲ್ಲ, ನನಗೆ ನೋಂದಣಿ ಇಲ್ಲ. ನನಗೆ ಅದು 118. ಒಂದೇ ಶುಲ್ಕ, ಸಣ್ಣವನಿಗೆ ಹೆಚ್ಚು.

ಬ್ಯಾಂಕಿಗೆ ಖರ್ಚಿಲ್ಲವೇ ಎಂದು ನೀವು ಕೇಳಬಹುದು. ಉಂಟು. ಮೆನೇಜರರೂ ಅದನ್ನೇ ಹೇಳಿದರು. ಅವರು ಉತ್ತರದವರು, ಹಿಂದಿಯಲ್ಲಿ ಹೇಳಿದ್ದನ್ನು ಕಣ್ಣೂರಿನ ಹುಡುಗಿ ಮಲಯಾಳದಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಅರ್ಥ ಮಾಡಿಕೊಂಡೆ. ಕಟ್ಟಡದ ಬಾಡಿಗೆ, ಸಂಬಳ, ಕಂಪ್ಯೂಟರು, ಹಣದ ಗಾಡಿ. ನಿಮ್ಮ ಅಂಗಡಿಯ ದಿನದ ಇಪ್ಪತ್ತೈದು ಎಂಟ್ರಿ ನಮಗೆ ಪುಕ್ಕಟೆ ಬರುವುದಿಲ್ಲ ಎಂದರು. ಒಪ್ಪಿದೆ. ಯುಪಿಐಗೆ ವ್ಯಾಪಾರಿಯಿಂದ ಏನೂ ತೆಗೆದುಕೊಳ್ಳಬಾರದೆಂದು 2020ರ ಜನವರಿಯಿಂದ ಸರಕಾರ ಹೇಳಿರುವುದರಿಂದ ಬ್ಯಾಂಕಿಗೆ ಅಲ್ಲಿ ಸಂಪಾದನೆ ಇಲ್ಲ, ಅದೂ ನಿಜ.

ಆದರೆ ನನ್ನ ಖಾತೆಯಲ್ಲಿ ಬೇಸಿಗೆ ಮಳೆ ಸೇರಿಸಿ ಸರಾಸರಿ 20 ಸಾವಿರ ರೂಪಾಯಿ ಬಿದ್ದಿರುತ್ತದೆ. ಅದಕ್ಕೆ ನನಗೆ ಒಂದು ಪೈಸೆ ಬಡ್ಡಿ ಇಲ್ಲ. ಉಳಿತಾಯ ಖಾತೆಯ ಎರಡೂವರೆ ಪರ್ಸೆಂಟಾದರೂ ಸಿಕ್ಕಿದ್ದರೆ 500 ರೂಪಾಯಿ. ಅಷ್ಟನ್ನು ನಾನು ಬಿಟ್ಟುಕೊಟ್ಟ ಹಾಗಾಯಿತು. ಬ್ಯಾಂಕು ಆ ಹಣವನ್ನು 9ರ ಬಡ್ಡಿಗೆ ಇನ್ನೊಬ್ಬನಿಗೆ ಕೊಟ್ಟರೆ ವರ್ಷಕ್ಕೆ 1,800. ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು, ಖರ್ಚು ಕಳೆಯಬೇಕು, ಕೆಲವು ಸಾಲ ಮುಳುಗುತ್ತದೆ. ಅರ್ಧವೇ ಉಳಿಯಲಿ. ಕರೆಂಟ್ ಅಕೌಂಟಿನ ಹಳೆಯ ಒಪ್ಪಂದ ಇದೇ ಅಲ್ಲವೇ? ನೀನು ಬಡ್ಡಿ ಕೇಳಬೇಡ, ನಾನು ಕೆಲಸಕ್ಕೆ ಕೂಲಿ ಕೇಳುವುದಿಲ್ಲ. ಈಗ ಬಡ್ಡಿಯೂ ಇಲ್ಲ, ಕೂಲಿಯೂ ಬೇಕು.

ಯುಪಿಐಯ ಬಗ್ಗೆಯೂ ಪೂರ್ತಿ ಹೇಳಬೇಕಲ್ಲ. ಸಣ್ಣ ವ್ಯಾಪಾರಿಗೆ ಬರುವ 2,000 ರೂಪಾಯಿವರೆಗಿನ ಯುಪಿಐ ಪಾವತಿಗೆ ಸರಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಇಟ್ಟಿತ್ತು. 2024-25ನೇ ಸಾಲಿಗೆ 1,500 ಕೋಟಿ ರೂಪಾಯಿ, ಪಾವತಿಯ ಶೇಕಡಾ 0.15ರಂತೆ. ನಾನು 200 ರೂಪಾಯಿಯ ಅಕ್ಕಿ ಮಾರಿದರೆ 30 ಪೈಸೆ. ಅದನ್ನು ನಾಲ್ಕು ಕಡೆ ಹಂಚಿಕೊಳ್ಳಬೇಕು, ಬ್ಯಾಂಕಿಗೆ ಸಾಲುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಸಾಲದಿದ್ದರೆ ಸರಕಾರದ ಹತ್ತಿರ ಕೇಳಲಿ. ಯುಪಿಐ ಪುಕ್ಕಟೆ ಎಂದು ಮುಂದಿನ ಬಾಗಿಲಲ್ಲಿ ಬೋರ್ಡು ಹಾಕಿ, ಖಾತೆ ನಿರ್ವಹಣೆ ಎಂದು ಹಿಂದಿನ ಬಾಗಿಲಿನಿಂದ ತೆಗೆದುಕೊಂಡರೆ ಅದಕ್ಕೆ ನಮ್ಮ ಊರಿನಲ್ಲಿ ಬೇರೆ ಹೆಸರುಂಟು.

ಅಪ್ಪನ ಕಾಲದಲ್ಲೂ ಶುಲ್ಕ ಇತ್ತು. ಲೆಡ್ಜರ್ ಫೋಲಿಯೋ ಚಾರ್ಜು ಎಂದು. ದೊಡ್ಡ ಕೆಂಪು ಬೆನ್ನಿನ ಪುಸ್ತಕ, ಒಂದು ಪುಟಕ್ಕೆ ನಲವತ್ತು ಸಾಲು, ಪುಟ ತುಂಬಿದರೆ ಇಷ್ಟು. ಅಪ್ಪ ಗೊಣಗದೆ ಕೊಡುತ್ತಿದ್ದರು. ಗುಮಾಸ್ತರು ಶಾಯಿ ಪೆನ್ನಿನಲ್ಲಿ ಬರೆಯುವುದನ್ನು ಕೌಂಟರಿನ ಈಚೆಯಿಂದ ನೋಡುತ್ತಿದ್ದರು, ಪುಟ ಕಣ್ಣಿಗೆ ಕಾಣುತ್ತಿತ್ತು. ಸಂಜೆ ಪಿಗ್ಮಿಯವರು ಅಂಗಡಿಗೆ ಬರುತ್ತಿದ್ದರು. ದಿನಕ್ಕೆ ಎರಡಾಣೆಯಾದರೂ ಸರಿ, ಮನೆ ಬಾಗಿಲಿಗೇ ಬಂದು ಕೊಂಡೊಯ್ಯುತ್ತೇವೆ ಎಂದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪದ್ಧತಿ ಅದು, ಆಮೇಲೆ ಎಲ್ಲರೂ ಮಾಡಿದರು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಷ್ಟು ಬ್ಯಾಂಕುಗಳು ಹುಟ್ಟಿದ್ದವು, ಕಾಸರಗೋಡೂ 1956ರವರೆಗೆ ಆ ಜಿಲ್ಲೆಯಲ್ಲೇ ಇತ್ತು. ಅವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರೇ ಇಲ್ಲವಾಯಿತು. ಅದು ಬೇರೆ ಕಥೆ, ಅದಕ್ಕೆ ಈಗ ಹೋಗುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಮೊದಲೇ ತಿಳಿಸಬೇಕಿತ್ತಲ್ಲ ಎಂದದ್ದಕ್ಕೆ, ತಿಳಿಸಿದ್ದೇವೆ ಎಂದರು ಬ್ಯಾಂಕಿನವರು. ಎಸ್ಸೆಮ್ಮೆಸ್ ಕಳಿಸಿದ್ದಾರಂತೆ, ಬೋರ್ಡಿಗೂ ಹಾಕಿದ್ದಾರಂತೆ. ಬೋರ್ಡು ನೋಡಿದೆ. ಹೌದು, ಉಂಟು. ಇಂಗ್ಲಿಷಿನಲ್ಲಿ ಒಂದು, ಮಲಯಾಳದಲ್ಲಿ ಒಂದು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಚೆನ್ನಾಗಿ ಮಾತಾಡುತ್ತೇನೆ, ಅಕ್ಷರ ಬರುವುದಿಲ್ಲ. ನನ್ನ ವಯಸ್ಸಿನ ನಮ್ಮ ಕಡೆಯವರಲ್ಲಿ ಬಹಳ ಮಂದಿ ಹೀಗೆಯೇ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಜೂನಿನಲ್ಲಿ ಬಂದ ಒಂದು ಇಂಗ್ಲಿಷ್ ಎಸ್ಸೆಮ್ಮೆಸ್ ಸಿಕ್ಕಿತು. ಸಾಲ ಬೇಕೇ, ವಿಮೆ ಬೇಕೇ ಎಂಬ ಇಪ್ಪತ್ತು ಎಸ್ಸೆಮ್ಮೆಸ್‌ಗಳ ನಡುವೆ. ಮಗಳು ಓದಿ ಹೇಳಿದಳು: ಸೇವಾ ಶುಲ್ಕ ಪರಿಷ್ಕರಣೆ ಆಗಿದೆ, ವಿವರಗಳಿಗೆ ವೆಬ್‌ಸೈಟ್ ನೋಡಿ. ಎಷ್ಟು, ಯಾರಿಗೆ, ಯಾವಾಗಿನಿಂದ, ಒಂದೂ ಇಲ್ಲ. ಇದಕ್ಕೆ ತಿಳಿಸುವುದು ಎನ್ನುತ್ತಾರಾ? ಮತ್ತೆ ಈ ಎಸ್ಸೆಮ್ಮೆಸ್ಸಿಗೇ ಅಲ್ಲವೇ ಮೂರು ತಿಂಗಳಿಗೊಮ್ಮೆ ನನ್ನಿಂದ 17 ರೂಪಾಯಿ 70 ಪೈಸೆ ತೆಗೆದುಕೊಳ್ಳುವುದು.

ಕಾಸರಗೋಡಿನಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲೇ ಸಿಕ್ಕಿದೆ. ಪಾಲನೆ ಎಷ್ಟು ಎಂಬುದು ನಿಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಆದರೆ ಬ್ಯಾಂಕು ರಾಜ್ಯ ಸರಕಾರದ ಕಚೇರಿ ಅಲ್ಲ. ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ತ್ರಿಭಾಷೆ: ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆ. ಕೇರಳದ ಪ್ರಾದೇಶಿಕ ಭಾಷೆ ಯಾವುದು ಎಂದರೆ ಮಲಯಾಳ, ಅಲ್ಲಿಗೆ ಮುಗಿಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ ಈ ಊರುಗಳ ಶಾಖೆಗಳಲ್ಲಿ ನಾಲ್ಕನೆಯದಾಗಿ ಒಂದು ಕನ್ನಡ ಹಾಳೆ ಅಂಟಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಖಾತೆ ತೆರೆಸಲು ಅಂಗಡಿಗೆ ಬಂದವರು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದ್ದರು. ಅಷ್ಟು ಕನ್ನಡ ಬ್ಯಾಂಕಿನಲ್ಲಿತ್ತು.

ವಿದ್ಯುತ್ ಬಿಲ್ಲಿನಲ್ಲೂ ಸ್ಥಿರ ಶುಲ್ಕ ಉಂಟಲ್ಲ ಎಂದು ಬೆಂಚಿನ ನಿವೃತ್ತರು ಕೇಳಿದರು, ಅವರಿಗೆ ತಮ್ಮ ಹಳೆಯ ಕಚೇರಿಯ ಮೇಲೆ ಪ್ರೀತಿ. ಉಂಟು. ಎರಡು ತಿಂಗಳಿಗೊಮ್ಮೆ ಬರುವ ಆ ಬಿಲ್ಲಿಗೂ ನಾನು ಗೊಣಗುತ್ತೇನೆ. ಆದರೆ ಕರೆಂಟಿನ ದರ ಏರಿಸಬೇಕಾದರೆ ವಿದ್ಯುತ್ ಮಂಡಳಿಯವರು ನಿಯಂತ್ರಣ ಆಯೋಗದ ಮುಂದೆ ಹೋಗಬೇಕು. ಆಯೋಗ ಸಾರ್ವಜನಿಕ ಅಹವಾಲು ಕೇಳುತ್ತದೆ, ಬೇಡ ಎನ್ನುವವರು ಎದ್ದು ನಿಂತು ಬೇಡ ಎನ್ನಬಹುದು. ಕೇಳುತ್ತಾರೋ ಇಲ್ಲವೋ, ಹೇಳಲು ಒಂದು ಜಾಗ ಉಂಟು. ಬ್ಯಾಂಕಿನ ಶುಲ್ಕ ನಿಗದಿ ಮಾಡುವುದು ಅದೇ ಬ್ಯಾಂಕಿನ ಆಡಳಿತ ಮಂಡಳಿ. ಶುಲ್ಕ ನ್ಯಾಯವಾಗಿರಬೇಕು, ಸೇವೆಯ ಸರಾಸರಿ ಖರ್ಚಿಗೆ ತಕ್ಕ ಹಾಗಿರಬೇಕು ಎಂದು ರಿಸರ್ವ್ ಬ್ಯಾಂಕು ಹೇಳುತ್ತದೆ. ಅದನ್ನು ತೂಗಿ ನೋಡುವವರು ಯಾರು? ನನ್ನ ತಕ್ಕಡಿಯನ್ನು ಅಳತೆ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ.

ನಾನು ಕೇಳುವುದು ಶುಲ್ಕವೇ ಬೇಡ ಎಂದಲ್ಲ. ಬಡವನ ಉಳಿತಾಯಕ್ಕೆ ಮೂಲ ಖಾತೆ ಕೊಟ್ಟ ಹಾಗೆಯೇ, ಜಿಎಸ್‌ಟಿ ಮಿತಿಯೊಳಗಿನ ಸಣ್ಣ ಅಂಗಡಿಯವನಿಗೆ ತಿಂಗಳ ಶುಲ್ಕವೂ ಕನಿಷ್ಠ ಶಿಲ್ಕೂ ಇಲ್ಲದ ಒಂದು ಮೂಲ ಚಾಲ್ತಿ ಖಾತೆಯನ್ನು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಲಿ. ಚೆಕ್ ಪುಸ್ತಕ ಬೇಕಾದವನು ಹಣ ಕೊಡಲಿ, ಲಕ್ಷಗಟ್ಟಲೆ ನಗದು ಕಟ್ಟುವವನು ಕೊಡಲಿ. ಅದು ಆಗುವವರೆಗೆ, 2014ರ ಸುತ್ತೋಲೆಯ ತಿಂಗಳ ಮುನ್ಸೂಚನೆಯನ್ನು ಚಾಲ್ತಿ ಖಾತೆಗೂ ಅನ್ವಯಿಸಲಿ. ಮತ್ತೆ ನಮ್ಮ ತಾಲೂಕುಗಳಲ್ಲಿ ಆ ಸೂಚನೆ ಕನ್ನಡದಲ್ಲಿರಲಿ, ರೂಪಾಯಿಯ ಅಂಕಿ ಸಹಿತ. ಜಿಲ್ಲೆಯ ಬ್ಯಾಂಕರುಗಳು ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ, ಜನಪ್ರತಿನಿಧಿಗಳಿಗೂ ಅಲ್ಲಿ ಮಾತಾಡಲು ಅವಕಾಶವಿದೆ. ಓಟು ಕೇಳುವಾಗ ನನ್ನ ಅಂಗಡಿಯ ಬೆಂಚಿನಲ್ಲಿ ಕುಳಿತು ಸೋಡಾ ಕುಡಿದವರು ಇದನ್ನೂ ಓದಲಿ.

ಖಾತೆ ಮುಚ್ಚಿ ಸಹಕಾರಿ ಬ್ಯಾಂಕಿಗೆ ಹೋಗಬಾರದೇ ಎಂದು ಮಗ ಕೇಳಿದ. ಕ್ಯೂಆರ್ ಬದಲಿಸಬೇಕು, ಕೂಗುವ ಪೆಟ್ಟಿಗೆ ಬದಲಿಸಬೇಕು, ವಿಟ್ಲದವರಿಗೂ ಹಾಲಿನವರಿಗೂ ಹೊಸ ನಂಬ್ರ ಕೊಡಬೇಕು. ಚಾಲ್ತಿ ಖಾತೆ ಮುಚ್ಚಲೂ ಒಂದು ಶುಲ್ಕ ಉಂಟಂತೆ. ಯೋಚಿಸುತ್ತಿದ್ದೇನೆ.

ಸದ್ಯಕ್ಕೆ ಮಾಡಿದ್ದು ಇಷ್ಟು. ನಾಲ್ಕು ತಿಂಗಳ 472 ರೂಪಾಯಿಯನ್ನೂ ಆಟಿಯ ದಂಡವನ್ನೂ ಹಿಂದಿರುಗಿಸಬೇಕೆಂದು ಕನ್ನಡದಲ್ಲಿ ಅರ್ಜಿ ಬರೆದು ಶಾಖೆಗೆ ಕೊಟ್ಟೆ. ಮೆನೇಜರರು ತಿರುಗಿಸಿ ಮುರುಗಿಸಿ ನೋಡಿದರು. ಇದನ್ನು ಓದುವವರು ಯಾರು ಎಂದು ಕೇಳಿದರು. ಬೋರ್ಡಿನ ನೋಟೀಸನ್ನು ನಾನು ಓದಿದ ಹಾಗೆಯೇ ಓದಿ ಎಂದೆ. ಕಣ್ಣೂರಿನ ಹುಡುಗಿಗೆ ನಗು ತಡೆಯಲಾಗಲಿಲ್ಲ. ಅವಳೇ ನಕಲಿಗೆ ಮೊಹರು ಒತ್ತಿ, 10ನೇ ತಾರೀಕು ಎಂದು ಬರೆದು ಸಹಿ ಮಾಡಿ ಕೊಟ್ಟಳು.

ಉತ್ತರಕ್ಕೆ 30 ದಿನ ಕಾಯಬೇಕು, ಆಮೇಲೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕ ಎಷ್ಟಿರಬೇಕೆಂಬುದು ಬ್ಯಾಂಕಿನ ವ್ಯಾಪಾರದ ತೀರ್ಮಾನ ಎಂದು ಅವರು ಅದನ್ನು ಬದಿಗಿಡಬಹುದು ಎಂದು ನಿವೃತ್ತರು ಈಗಲೇ ಎಚ್ಚರಿಸಿದ್ದಾರೆ. ಆದರೆ ಸರಿಯಾಗಿ ತಿಳಿಸಲಿಲ್ಲ ಎಂಬ ದೂರು ನಿಲ್ಲಬಹುದಂತೆ. 14448 ಎಂಬ ನಂಬ್ರಕ್ಕೆ ಫೋನ್ ಮಾಡಿದರೆ ವಿವರ ಹೇಳುತ್ತಾರೆ, ಬೇಕಾದವರು ಬರೆದಿಟ್ಟುಕೊಳ್ಳಿ.

30 ದಿನ ಮುಗಿಯುವುದು ಮುಂದಿನ ತಿಂಗಳ 10ಕ್ಕೆ. ಅದಕ್ಕೆ ಮೊದಲು 5ನೇ ತಾರೀಕು ಬರುತ್ತದೆ.

ಇತಿ,
ಒಬ್ಬ ಜೀನಸು ವ್ಯಾಪಾರಿ
ಪೆರ್ಲ, ಕಾಸರಗೋಡು ಜಿಲ್ಲೆ